ನೆಲೆಯೂ ಶಾಂತಿಯೂ: ಆನಂದ ಪಟವರ್ಧನರ ಸಾಕ್ಷ್ಯಚಿತ್ರಗಳು

ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಸರ್ಕಾರದ ಕಿರುಚಿತ್ರವೊಂದನ್ನು ಕಡ್ಡಾಯವಾಗಿ ತೋರಿಸುತ್ತಿದ್ದ ಕಾಲವನ್ನು ಕಂಡವರಿಗೆ ಸಾಕ್ಷ್ಯಚಿತ್ರವೆಂದೊಡನೆ ನೆನಪಿಗೆ ಬರುವುದು ಅಣೆಕಟ್ಟೆಯ ಬಾಗಿಲುಗಳಿಂದ ಧುಮ್ಮಿಕ್ಕುವ ನೀರು, ಶಂಕುಸ್ಥಾಪನೆಯ ಸಮಾರಂಭ, ಹಾರ ಹಾಕಿಸಿಕೊಳ್ಳುವ ಸಚಿವರು, ಇವೆಲ್ಲದರ ಮೇಲೆ ಗಂಭೀರವಾಗಿ ಹರಿದುಹೋಗುವ ನಿರೂಪಕನ ಧ್ವನಿ. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ ನಾಡಿನ ಶಿಲ್ಪ, ಸಂಗೀತ, ಜನಜೀವನಗಳನ್ನು ಕುರಿತು ಮೌಲಿಕವಾದ ಅನೇಕ ಚಿತ್ರಗಳನ್ನು ನಿರ್ಮಿಸಿತೆಂಬುದು ನಿಜ. ಆದರೆ ಅಭಿವೃದ್ಧಿಯ ಕಥೆಯನ್ನು ಅದು ಬಹುಮಟ್ಟಿಗೆ ಕಟ್ಟಿದವರ ಕಡೆ ನಿಂತು ಹೇಳಿತೇ ವಿನಾ, ಕಟ್ಟುವುದಕ್ಕಾಗಿ ಯಾರನ್ನು ಎಬ್ಬಿಸಲಾಯಿತೋ ಅವರ ಕಡೆ ನಿಂತು ಹೇಳಿದ್ದು ಅಪರೂಪ. ಆ ಎರಡನೆಯ ಕಡೆಗೆ ಹೋಗಿ, ಅರ್ಧ ಶತಮಾನದಷ್ಟು ಕಾಲ ಅಲ್ಲಿಂದ ಕದಲದೆ, ಸ್ವಂತ ಶ್ರಮದಿಂದಲೂ ಸ್ನೇಹಿತರ ನೆರವಿನಿಂದಲೂ ಚಿತ್ರಗಳನ್ನು ತೆಗೆದವರಲ್ಲಿ ಮುಂಬಯಿಯ ಆನಂದ ಪಟವರ್ಧನರು ಅಗ್ರಗಣ್ಯರು.

ಅವರ ಚಿತ್ರಗಳ ಪಟ್ಟಿಯನ್ನು ಮೇಲುಮೇಲೆ ನೋಡಿದವರಿಗೆ ಅಲ್ಲಿ ಎರಡು ಸಾಲುಗಳು ಬೇರೆಬೇರೆಯಾಗಿ ಕಾಣುವುದು ಸಹಜ. ಮುಂಬಯಿಯ ಜೋಪಡಿಗಳು, ನರ್ಮದಾ ಕಣಿವೆಯ ಹಳ್ಳಿಗಳು, ಕಡಲ ತೀರದ ಮೀನುಗಾರರು, ಗಿರಣಿ ಮುಚ್ಚಿ ಬೀದಿಗೆ ಬಿದ್ದ ಕಾರ್ಮಿಕರು, ಇದು ಒಂದು ಸಾಲು. ಅಯೋಧ್ಯೆ, ಪೋಖ್ರಾನ್, ಹಿರೋಶಿಮಾ, ಲಾಹೋರ್, ಇದು ಇನ್ನೊಂದು. ಒಂದು ನೆಲೆ ಕಳೆದುಕೊಂಡವರ ವಿಚಾರ, ಇನ್ನೊಂದು ಯುದ್ಧ ಮತ್ತು ಶಾಂತಿಯ ವಿಚಾರ. ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ಹೋದಾಗ ಮಾತ್ರ, ಎರಡು ಸಾಲುಗಳ ಹಿಂದೆಯೂ ಇರುವ ಪ್ರಶ್ನೆ ಒಂದೇ ಎಂಬುದು ಸ್ಪಷ್ಟವಾಗುತ್ತದೆ: ರಾಷ್ಟ್ರದ ಹಿತಕ್ಕಾಗಿ ತ್ಯಾಗ ಬೇಕೆಂದು ಕೇಳುವವರು ಯಾರು, ಆ ತ್ಯಾಗವನ್ನು ಮಾಡಬೇಕಾದವರು ಯಾರು, ಹಾಗೆ ಮಾಡಬೇಕಾದವರನ್ನು ಎಂದಾದರೂ ಯಾರಾದರೂ ಒಂದು ಮಾತು ಕೇಳಿದ್ದುಂಟೆ? ಮನೆಯ ಗೋಡೆ ನಾಳೆ ಉರುಳೀತೆಂಬ ಭಯದಲ್ಲಿ ಮಲಗುವವನಿಗೆ ಗಡಿಯಲ್ಲಿ ಗುಂಡು ಹಾರದಿದ್ದರೂ ಶಾಂತಿಯಿಲ್ಲ. ಶಾಂತಿಯೆಂಬುದು ನಿರ್ಭಯವಾಗಿ ಒಂದು ನೆಲದಲ್ಲಿ ಬಾಳುವ ಹಕ್ಕಿನಿಂದಲೇ ಆರಂಭವಾಗುತ್ತದೆಂಬ ಈ ತಿಳಿವಳಿಕೆಯೇ ಅವರ ಸಮಸ್ತ ಕೃತಿಗಳಿಗೆ ಆಧಾರಭೂಮಿ.

ಪಟವರ್ಧನರು ಹುಟ್ಟಿದ್ದು 1950ರ ಫೆಬ್ರವರಿ 18ರಂದು, ಮುಂಬಯಿಯಲ್ಲಿ. ತಂದೆಯ ಕಡೆ ಸ್ವಾತಂತ್ರ್ಯ ಚಳವಳಿಯ ಕುಟುಂಬ. ಸಮಾಜವಾದಿ ಮುಂದಾಳು ಅಚ್ಯುತ ಪಟವರ್ಧನರು ಅವರ ದೊಡ್ಡಪ್ಪಂದಿರಲ್ಲಿ ಒಬ್ಬರು. ತಾಯಿ ನಿರ್ಮಲಾ ಪಟವರ್ಧನರು ಶಾಂತಿನಿಕೇತನದಲ್ಲಿ ಕಲಿತು, ಕುಂಭಕಲೆಯಲ್ಲಿ ಹೆಸರು ಗಳಿಸಿದವರು. ಅವರು ಹುಟ್ಟಿದ ಊರು ಸಿಂಧ್ ಪ್ರಾಂತದ ಹೈದರಾಬಾದು. ದೇಶ ಇಬ್ಭಾಗವಾಗಿ ಸಿಂಧೀ ಜನ ಊರುಕೇರಿಗಳನ್ನು ತೊರೆದು ಬಂದಾಗ, ಅವರಿಗಾಗಿ ಕಚ್ಛದಲ್ಲಿ ಗಾಂಧೀಧಾಮವೆಂಬ ಪಟ್ಟಣವನ್ನು ಕಟ್ಟುವುದರಲ್ಲಿ ಮುಂದಾಳಾದ ಭಾಯಿ ಪ್ರತಾಪರು ನಿರ್ಮಲಾ ಅವರ ತಂದೆ. ಹೀಗೆ ನೆಲೆ ತಪ್ಪುವುದೆಂದರೇನು, ಮತ್ತೆ ನೆಲೆ ನಿಲ್ಲಿಸುವುದೆಂದರೇನು ಎಂಬುದು ಈ ಮನೆತನದ ಅನುಭವದಲ್ಲಿಯೇ ಬೆರೆತಿದ್ದ ಸಂಗತಿ. 2023ರಲ್ಲಿ ಪಟವರ್ಧನರು ತಮ್ಮ ತಂದೆತಾಯಿಗಳ ಕೊನೆಯ ವರ್ಷಗಳ ಮಾತುಕತೆಗಳನ್ನು ಜೋಡಿಸಿ 'ವಸುಧೈವ ಕುಟುಂಬಕಮ್' ಎಂಬ ಚಿತ್ರವನ್ನು ಮಾಡಿದಾಗ, ಈ ಮನೆಯ ಕಥೆಯೂ ದೇಶದ ಕಥೆಯೂ ಒಂದೇ ಹಾಸಿನಲ್ಲಿ ಕಾಣಿಸಿಕೊಂಡವು.

ಮುಂಬಯಿಯಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಪಡೆದು, ಸಮಾಜಶಾಸ್ತ್ರವನ್ನು ಓದಲು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯಕ್ಕೆ ಅವರು ಹೋದ ಕಾಲ ವಿಯೆಟ್ನಾಂ ಯುದ್ಧದ ಕಾಲ. ಆ ಯುದ್ಧವನ್ನು ವಿರೋಧಿಸಿದ ವಿದ್ಯಾರ್ಥಿ ಚಳವಳಿಯಲ್ಲಿ ಪಾಲ್ಗೊಂಡು ಅವರು ಬಂಧನವನ್ನೂ ಕಂಡರು. ಕ್ಯಾಲಿಫೋರ್ನಿಯಾದಲ್ಲಿ ಸೀಸರ್ ಚಾವೆಜ್ ಕಟ್ಟಿದ ಕೃಷಿ ಕಾರ್ಮಿಕರ ಸಂಘದಲ್ಲಿ ಸ್ವಯಂಸೇವಕರಾಗಿ ದುಡಿದರು. ಅಹಿಂಸೆಯ ಹಾದಿಯಲ್ಲಿ ಬಡವರು ಸಂಘಟಿತರಾಗಿ ಬಲಿಷ್ಠರನ್ನು ಎದುರಿಸಬಲ್ಲರೆಂಬ ನಂಬಿಕೆ ಅಲ್ಲಿ ದೃಢವಾಯಿತು. ಭಾರತಕ್ಕೆ ಮರಳಿ ಮಧ್ಯಪ್ರದೇಶದ ಕಿಶೋರ್ ಭಾರತಿ ಎಂಬ ಗ್ರಾಮೀಣ ಶಿಕ್ಷಣ ಯೋಜನೆಯಲ್ಲಿ ಕೆಲಸ ಮಾಡಿ, ಬಳಿಕ 1974ರಲ್ಲಿ ಜಯಪ್ರಕಾಶ ನಾರಾಯಣರ ಬಿಹಾರ ಚಳವಳಿಯ ಸೆಳೆತಕ್ಕೆ ಒಳಗಾದರು.

ಅವರ ಮೊದಲ ಮುಖ್ಯ ಚಿತ್ರ 'ಕ್ರಾಂತಿ ಕೀ ತರಂಗೇಂ' ಹುಟ್ಟಿದ್ದು ಅಲ್ಲಿ. ಹಣವಿರಲಿಲ್ಲ, ಒಳ್ಳೆಯ ಸಲಕರಣೆಯಿರಲಿಲ್ಲ; ಎರವಲು ಕ್ಯಾಮೆರಾ, ಅವಧಿ ಮೀರಿದ ಫಿಲ್ಮು. ಮೊದಲು ಸಣ್ಣ ಅಳತೆಯ ಫಿಲ್ಮಿನಲ್ಲಿ ತೆಗೆದ ದೃಶ್ಯಗಳನ್ನು ತೆರೆಯ ಮೇಲೆ ಬಿಂಬಿಸಿ, ಆ ಬಿಂಬವನ್ನು 16 ಮಿಲಿಮೀಟರಿನ ಫಿಲ್ಮಿನಲ್ಲಿ ಮತ್ತೆ ಸೆರೆಹಿಡಿದು ಅವರು ಚಿತ್ರವನ್ನು ಪೂರ್ಣಗೊಳಿಸಿದರು. ಅಷ್ಟರಲ್ಲಿ 1975ರ ತುರ್ತುಪರಿಸ್ಥಿತಿ ಘೋಷಿತವಾಗಿ, ಚಿತ್ರವನ್ನು ಬಹಿರಂಗವಾಗಿ ತೋರಿಸುವುದು ಅಸಾಧ್ಯವಾಯಿತು. ಅದರ ಪ್ರತಿಯೊಂದನ್ನು ತುಂಡುತುಂಡಾಗಿ ಕತ್ತರಿಸಿ ವಿದೇಶಕ್ಕೆ ಗುಟ್ಟಾಗಿ ಸಾಗಿಸಿ, ಅಲ್ಲಿ ಮರುಜೋಡಿಸಿ ತೋರಿಸಲಾಯಿತು. ತುರ್ತುಪರಿಸ್ಥಿತಿ ಮುಗಿದ ಮೇಲೆ ರಾಜಕೀಯ ಕೈದಿಗಳನ್ನು ಕುರಿತ 'ಜಮೀರ್ ಕೇ ಬಂದೀ' ಬಂತು. ಕೆನಡಾದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಜಿಮ್ ಮನ್ರೋ ಎಂಬವರೊಡನೆ, ಬ್ರಿಟಿಷ್ ಕೊಲಂಬಿಯಾದ ಹೊಲತೋಟಗಳಲ್ಲಿ ದುಡಿಯುವ ಭಾರತೀಯ ವಲಸಿಗರು ಸಂಘ ಕಟ್ಟಿದ ವೃತ್ತಾಂತವನ್ನು 1981ರಲ್ಲಿ ಚಿತ್ರಿಸಿದರು. ಬೆಳಕು ಕಡಮೆಯಾದರೂ, ಧ್ವನಿ ಒಡೆದರೂ, ಸತ್ಯವನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳುವುದೇ ಮುಖ್ಯವೆಂಬ ಪಾಠವನ್ನು ಅವರು ಕಲಿತದ್ದು ಈ ಆರಂಭಕಾಲದ ಕೊರತೆಗಳ ನಡುವೆ.

1981ರ ಜುಲೈ ತಿಂಗಳಲ್ಲಿ ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಲೆಯವರು ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುವವರನ್ನು ತೆರವು ಮಾಡಿ ಅವರವರ ಮೂಲಸ್ಥಳಗಳಿಗೆ ಅಟ್ಟಬೇಕೆಂದು ಆಜ್ಞಾಪಿಸಿದರು. ಮಳೆಗಾಲದ ನಡುವೆ ಗುಡಿಸಲುಗಳನ್ನು ಕಿತ್ತು ಜನರನ್ನು ಬಸ್ಸುಗಳಿಗೆ ತುಂಬಿದರು. ಇದನ್ನು ಪ್ರಶ್ನಿಸಿದ ಮೊಕದ್ದಮೆಗಳು ನ್ಯಾಯಾಲಯದ ಮೆಟ್ಟಿಲೇರಿ, 1985ರ ಜುಲೈ 10ರಂದು ಸರ್ವೋಚ್ಚ ನ್ಯಾಯಾಲಯದ ಪ್ರಖ್ಯಾತ ತೀರ್ಪಿಗೆ ಕಾರಣವಾದವು. ಪತ್ರಕರ್ತೆ ಓಲ್ಗಾ ಟೆಲಿಸ್ ಅವರ ಹೆಸರಿನಿಂದ ಪ್ರಸಿದ್ಧವಾದ ಆ ತೀರ್ಪು, ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿರುವ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಂತರ್ಗತವೆಂದು ಸಾರಿತು. ಆದರೆ ಕ್ರಮಬದ್ಧವಾಗಿ ನೋಟೀಸು ಕೊಟ್ಟು ತೆರವು ಮಾಡುವ ಅಧಿಕಾರವನ್ನು ಪಾಲಿಕೆಗೆ ಉಳಿಸಿಕೊಟ್ಟಿತು. ತತ್ತ್ವದಲ್ಲಿ ಗೆದ್ದು ಬಾಳಿನಲ್ಲಿ ಸೋತ ಆ ಜನರ ನಡುವೆ ವರ್ಷಗಳನ್ನು ಕಳೆದು ಪಟವರ್ಧನರು ತೆಗೆದ ಚಿತ್ರವೇ 'ಹಮಾರಾ ಶಹರ್'. ಅದು ಹೊರಬಂದದ್ದೂ 1985ರಲ್ಲಿ.

ಈ ಚಿತ್ರದಲ್ಲಿ ವಾದವನ್ನು ಮಂಡಿಸುವ ನಿರೂಪಕನಿಲ್ಲ. ಒಂದು ಕಡೆ ನಗರವನ್ನು ಸುಂದರಗೊಳಿಸಬೇಕೆಂದು ಬಯಸುವ ಸುಖವಂತರೂ ಅಧಿಕಾರಿಗಳೂ ತಮ್ಮ ತಮ್ಮ ಮಾತುಗಳನ್ನು ನಿಸ್ಸಂಕೋಚವಾಗಿ ಹೇಳುತ್ತಾರೆ. ಇನ್ನೊಂದು ಕಡೆ ಅದೇ ಸುಖವಂತರ ಮಹಡಿಮನೆಗಳನ್ನು ಕಟ್ಟಿದ ಕೂಲಿಗಳು, ಅವುಗಳ ನೆಲ ಒರೆಸುವ ಹೆಂಗಸರು, ಕೆಡವಿದ ಜೋಪಡಿಯ ಕಂಬ ತಗಡುಗಳನ್ನು ಆಯ್ದು ಮತ್ತೆ ನಿಲ್ಲಿಸಲು ತೊಡಗುತ್ತಾರೆ. ನಗರಕ್ಕೆ ಇವರ ದುಡಿಮೆ ಬೇಕು, ಇವರು ಬೇಡ ಎಂಬ ಕ್ರೂರವಾದ ವೈರುಧ್ಯ ಎರಡು ದೃಶ್ಯಗಳ ಸಾಮೀಪ್ಯದಿಂದಲೇ ಪ್ರೇಕ್ಷಕನಿಗೆ ತಿಳಿಯುತ್ತದೆ. ಚಿತ್ರದ ಒಂದೆಡೆಯಲ್ಲಿ, ಮನೆ ಕಳೆದುಕೊಂಡ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದವರ ಕಡೆಗೇ ತಿರುಗಿ, ಬಡವರ ಚಿತ್ರ ತೆಗೆದು ಹೆಸರು ಮಾಡಿಕೊಳ್ಳುವುದಲ್ಲದೆ ನೀವು ನಮಗೆ ಮಾಡುವುದೇನು ಎಂಬರ್ಥದಲ್ಲಿ ರೇಗಿ ಕೇಳುತ್ತಾಳೆ. ಸಂಕಲನದ ಮೇಜಿನ ಮೇಲೆ ಕತ್ತರಿಸಿ ಹಾಕಬಹುದಾಗಿದ್ದ ಆ ತುಣುಕನ್ನು ಪಟವರ್ಧನರು ಉಳಿಸಿಕೊಂಡರು. ಪರರ ಕಷ್ಟವನ್ನು ಕಲೆಯ ವಸ್ತುವಾಗಿ ಮಾಡಿಕೊಳ್ಳುವ ಯಾರಿಗಾದರೂ ಆ ಪ್ರಶ್ನೆ ತಪ್ಪಿದ್ದಲ್ಲ. ಅದನ್ನು ಬಚ್ಚಿಡದೆ ಲೋಕದ ಮುಂದೆ ಇಟ್ಟದ್ದು ಈ ನಿರ್ದೇಶಕರ ಪ್ರಾಮಾಣಿಕತೆಗೆ ಸಾಕ್ಷಿ.

ಆ ಪ್ರಶ್ನೆಗೆ ಉತ್ತರವನ್ನು ಅವರು ನಡತೆಯಲ್ಲಿ ಕೊಡಲು ಯತ್ನಿಸಿದರೆಂಬುದು ಇನ್ನೂ ದೊಡ್ಡದು. ಚಿತ್ರಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಆದರೆ 1986ರಲ್ಲಿ ದಕ್ಷಿಣ ಮುಂಬಯಿಯ ಸಂಜಯ ಗಾಂಧಿ ನಗರವೆಂಬ ಬಡಾವಣೆಯನ್ನು ನೆಲಸಮ ಮಾಡಿದಾಗ, ಪ್ರಶಸ್ತಿ ಪಡೆದ ನಿರ್ದೇಶಕರು ಆ ನಿವಾಸಿಗಳೊಡನೆ ಉಪವಾಸ ಕುಳಿತರು. ನಟಿ ಶಬಾನಾ ಆಜ್ಮಿಯವರೂ ಅದರಲ್ಲಿ ಭಾಗಿಗಳಾದರು. ಕೊನೆಗೆ ಸರ್ಕಾರ ಮಣಿದು ಗೋರೆಗಾಂವಿನಲ್ಲಿ ಬದಲಿ ಜಾಗ ಕೊಡಲು ಒಪ್ಪಿತು. ಚಿತ್ರ ತೆಗೆದುದರಿಂದಲೇ ಒಂದು ಮನೆಯೂ ಉಳಿಯಲಾರದು. ಆದರೆ ಚಿತ್ರ ತೆಗೆದವನೂ ಅದನ್ನು ನೋಡಿದವರೂ ಬಂದು ಜೊತೆಗೆ ನಿಂತರೆ ಕೆಲವು ಮನೆಗಳಾದರೂ ಉಳಿದಾವು ಎಂಬುದಕ್ಕೆ ಈ ಘಟನೆ ಒಂದು ನಿದರ್ಶನ.

ನರ್ಮದೆಯ ಕಥೆಯ ಹರವು ಇನ್ನೂ ದೊಡ್ಡದು. ಸರ್ದಾರ್ ಸರೋವರ ಯೋಜನೆಗೆ 1961ರ ಏಪ್ರಿಲ್ 5ರಂದು ಜವಾಹರಲಾಲ ನೆಹರೂ ಅವರು ಅಡಿಗಲ್ಲನ್ನಿಟ್ಟರು. ನದಿಯ ನೀರಿಗಾಗಿ ರಾಜ್ಯಗಳ ನಡುವೆ ಎದ್ದ ವ್ಯಾಜ್ಯವನ್ನು 1969ರಲ್ಲಿ ನೇಮಕವಾದ ನ್ಯಾಯಾಧಿಕರಣವು 1979ರಲ್ಲಿ ಇತ್ಯರ್ಥಗೊಳಿಸಿತು. ಗುಜರಾತ, ಮಹಾರಾಷ್ಟ್ರ, ಮಧ್ಯಪ್ರದೇಶಗಳ 245 ಗ್ರಾಮಗಳನ್ನು ತಾಗುವ ಮುಳುಗಡೆಯ ವಿಸ್ತಾರ ಸುಮಾರು 37 ಸಾವಿರ ಹೆಕ್ಟೇರು. ಭೂಮಿ ಕಳೆದುಕೊಂಡವರಿಗೆ ಭೂಮಿಯನ್ನೇ ಕೊಡಬೇಕು, ಅದೂ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರಾದರೂ ಇರಬೇಕು ಎಂದು ನ್ಯಾಯಾಧಿಕರಣ ವಿಧಿಸಿದ್ದು ಅಂದಿನ ಮಟ್ಟಿಗೆ ಉದಾರವಾದ ನಿಯಮವೇ ಸರಿ. ಆದರೆ ತಲೆತಲಾಂತರದಿಂದ ಅರಣ್ಯದ ಅಂಚಿನಲ್ಲಿ ಬೇಸಾಯ ಮಾಡುತ್ತ ಬಂದ ಆದಿವಾಸಿಗಳಲ್ಲಿ ಬಹುಮಂದಿಯ ಬಳಿ ಪಟ್ಟೆಯೆಂಬ ಕಾಗದವೇ ಇರಲಿಲ್ಲ. ಕಾಗದವಿಲ್ಲದ ಮಾತ್ರಕ್ಕೆ ಸರ್ಕಾರದ ದಫ್ತರದಲ್ಲಿ ಅವರು ತಮ್ಮ ಹೊಲದಲ್ಲಿಯೇ ಒತ್ತುವರಿದಾರರಾದರು. ಮೀನು, ಸೊಪ್ಪು, ಮಹುವಾ ಹೂ, ಕಟ್ಟಿಗೆ, ಮೇವುಗಳನ್ನೆಲ್ಲ ನದಿಯಿಂದಲೂ ಕಾಡಿನಿಂದಲೂ ಪಡೆದು ಬಾಳುವ ಜನಕ್ಕೆ ಎರಡು ಹೆಕ್ಟೇರು ಹೊಲ ಯಾವ ಬಗೆಯಲ್ಲಿ ಸಮನಾದೀತೆಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಸ್ಥಳವಿರಲಿಲ್ಲ.

ಮೇಧಾ ಪಾಟ್ಕರ್ ಮೊದಲಾದವರ ಮುಂದಾಳತ್ವದಲ್ಲಿ ನರ್ಮದಾ ಬಚಾವೋ ಆಂದೋಲನ ಬೆಳೆದದ್ದು ಈ ನೆಲದಿಂದ. ಸೀಮಂತಿನಿ ಧುರು ಅವರೊಡನೆ ಪಟವರ್ಧನರು ನಿರ್ದೇಶಿಸಿದ 'ನರ್ಮದಾ ಡೈರಿ' 1995ರಲ್ಲಿ ಹೊರಬಂತು. ಹೆಸರೇ ಸೂಚಿಸುವಂತೆ ಅದು ದಿನಚರಿಯ ರೂಪದ್ದು. ಮೆರವಣಿಗೆ, ಉಪವಾಸ, ಲಾಠಿ, ಸಭೆ, ಸಂಧಾನ, ಮತ್ತೆ ಮಳೆಗಾಲ, ಮತ್ತೆ ಏರುವ ನೀರು ಎಂದು ವರ್ಷಗಳು ಉರುಳುವುದನ್ನು ಅದು ದಾಖಲಿಸುತ್ತದೆ. ಮಹಾರಾಷ್ಟ್ರದಲ್ಲಿ ಮೊದಲು ನೀರು ನುಗ್ಗಬೇಕಾಗಿದ್ದ ಮಣಿಬೇಲಿಯಂಥ ಹಳ್ಳಿಯಲ್ಲಿ, ಮುಳುಗಿದರೂ ಸರಿ ಏಳುವುದಿಲ್ಲವೆಂದು ಕುಳಿತ ಜನರ ನಿರ್ಧಾರ ಆವೇಶದ ಮಾತಿನಲ್ಲಿ ವ್ಯಕ್ತವಾಗುವುದಕ್ಕಿಂತ ಹೆಚ್ಚಾಗಿ ಅವರ ನಿತ್ಯಕೃತ್ಯಗಳಲ್ಲಿ ವ್ಯಕ್ತವಾಗುತ್ತದೆ. ಹೋಳಿಯ ರಾತ್ರಿ ಮೈಗೆ ಬಣ್ಣ ಬಳಿದು, ತಲೆಗೆ ಗರಿಯ ಕಿರೀಟ ಧರಿಸಿ, ದೊಡ್ಡ ಡೋಲುಗಳ ತಾಳಕ್ಕೆ ಕುಣಿಯುವ ಆ ಜನಸ್ತೋಮವನ್ನು ಕಂಡಾಗ, ಮುಳುಗುವುದು ಕೇವಲ ಮನೆಗಳೂ ಹೊಲಗಳೂ ಅಲ್ಲವೆಂಬುದು ಪ್ರೇಕ್ಷಕನಿಗೆ ಮನವರಿಕೆಯಾಗುತ್ತದೆ.

ಆಂದೋಲನದ ಫಲವೇನೆಂದು ಕೇಳುವವರುಂಟು. 1985ರಲ್ಲಿ ಈ ಯೋಜನೆಗೆ 45 ಕೋಟಿ ಡಾಲರುಗಳ ಸಾಲವನ್ನು ಒಪ್ಪಿದ್ದ ವಿಶ್ವಬ್ಯಾಂಕು, ವಿರೋಧ ಹೆಚ್ಚಿದ ಮೇಲೆ ಬ್ರಾಡ್‌ಫರ್ಡ್ ಮೋರ್ಸ್ ಅವರ ಅಧ್ಯಕ್ಷತೆಯಲ್ಲಿ ಸ್ವತಂತ್ರ ಪರಿಶೀಲನೆಯನ್ನು ಏರ್ಪಡಿಸಿತು. ಪುನರ್ವಸತಿಯ ವ್ಯವಸ್ಥೆ ದೋಷಪೂರಿತವೆಂದು ಆ ವರದಿ 1992ರಲ್ಲಿ ಹೇಳಿತು; ಮರುವರ್ಷದ ಮಾರ್ಚಿಯಲ್ಲಿ ಸಾಲದ ಉಳಿದ ಭಾಗವನ್ನು ಭಾರತ ಸರ್ಕಾರವೇ ಬೇಡವೆಂದಿತು. 2000ದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಕಟ್ಟೆಯ ಕೆಲಸ ಮುಂದುವರಿಯಬಹುದೆಂದಿತು. ನ್ಯಾಯಮೂರ್ತಿ ಭರೂಚಾ ಅವರು ಭಿನ್ನಮತವನ್ನು ದಾಖಲಿಸಿದರು. 138.68 ಮೀಟರು ಎತ್ತರಕ್ಕೆ ಬೆಳೆದ ಕಟ್ಟೆ 2017ರ ಸೆಪ್ಟೆಂಬರ್ 17ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ನೀರು ದೂರದ ಸೌರಾಷ್ಟ್ರ ಕಚ್ಛಗಳ ಬಾಯಾರಿದ ಊರುಗಳಿಗೆ ಹರಿದಿದೆಯೆಂಬುದನ್ನು ನ್ಯಾಯವಾಗಿ ಒಪ್ಪತಕ್ಕದ್ದೇ. ಆದರೆ ಒಬ್ಬರ ಬಾಯಾರಿಕೆಯನ್ನು ಇಂಗಿಸಲು ಇನ್ನೊಬ್ಬರ ಒಲೆಯನ್ನು ನಂದಿಸಬೇಕಾಗಿ ಬಂದಾಗ, ಆ ಇನ್ನೊಬ್ಬರನ್ನು ಮೊದಲು ಕೇಳಬೇಕು, ಅವರಿಗೆ ಪೂರ್ಣವಾಗಿ ಕೊಟ್ಟ ಮೇಲೆಯೇ ಅವರಿಂದ ತೆಗೆದುಕೊಳ್ಳಬೇಕು ಎಂಬ ಧರ್ಮವನ್ನು ದೇಶದ ಮನಸ್ಸಿಗೆ ತಂದುಕೊಟ್ಟದ್ದು ಆ ಆಂದೋಲನ. ಅದರ ಮುಖವನ್ನೂ ಧ್ವನಿಯನ್ನೂ ಮುಂದಿನ ತಲೆಮಾರಿಗೆ ಕಾಪಿಟ್ಟ ಚಿತ್ರಗಳಲ್ಲಿ 'ನರ್ಮದಾ ಡೈರಿ' ಮುಖ್ಯವಾದುದು.

1998ರ ಮೇ 11 ಮತ್ತು 13ರಂದು ಭಾರತವು ಪೋಖ್ರಾನಿನಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿತು. ಅದೇ ತಿಂಗಳ 28ರಂದು ಪಾಕಿಸ್ತಾನವು ಚಾಗೈ ಬೆಟ್ಟಗಳಲ್ಲಿ ಮಾರುತ್ತರ ಕೊಟ್ಟಿತು. ಎರಡೂ ದೇಶಗಳ ಬೀದಿಗಳಲ್ಲಿ ಸಿಹಿ ಹಂಚಿದ ಆ ದಿನಗಳಿಂದ ತೊಡಗಿ ಕೆಲವು ವರ್ಷಗಳ ಕಾಲ ಭಾರತ, ಪಾಕಿಸ್ತಾನ, ಜಪಾನ್, ಅಮೆರಿಕಗಳಲ್ಲಿ ಸುತ್ತಿ ಪಟವರ್ಧನರು ತೆಗೆದ ಚಿತ್ರ 'ಜಂಗ್ ಔರ್ ಅಮನ್', ಬಂದದ್ದು 2002ರಲ್ಲಿ. ಅದು ಆರಂಭವಾಗುವುದು 1948ರಲ್ಲಿ ನಡೆದ ಗಾಂಧೀಜಿಯ ಹತ್ಯೆಯ ನೆನಪಿನಿಂದ. ಅಹಿಂಸೆಯ ಹೆಸರಿನಲ್ಲಿ ಸ್ವಾತಂತ್ರ್ಯ ಪಡೆದ ನಾಡು ಐವತ್ತು ವರ್ಷಗಳಲ್ಲಿ ಸರ್ವನಾಶದ ಆಯುಧವನ್ನು ಹಬ್ಬದಂತೆ ಬರಮಾಡಿಕೊಂಡದ್ದು ಹೇಗೆಂಬುದೇ ಚಿತ್ರದ ಅಂತರಂಗದ ವೇದನೆ.

ಈ ವೇದನೆಯನ್ನು ಅವರು ಉಪದೇಶವಾಗಲು ಬಿಡದೆ ಮತ್ತೆ ಜನರ ಬಳಿಗೇ ಹೋಗುತ್ತಾರೆ. ಪರೀಕ್ಷಾಭೂಮಿಯ ಮಗ್ಗುಲಿನ ರಾಜಸ್ಥಾನದ ಹಳ್ಳಿಗರು ತಮ್ಮ ಮನೆಯ ಗೋಡೆಗಳ ಬಿರುಕನ್ನೂ ದನಕರುಗಳ ಕಾಯಿಲೆಯನ್ನೂ ಹೇಳಿಕೊಳ್ಳುತ್ತಾರೆ. ಯುರೇನಿಯಂ ಗಣಿಯ ಜಾದೂಗುಡದ ಆದಿವಾಸಿಗಳು ತಮ್ಮ ಮಕ್ಕಳ ಅಂಗವೈಕಲ್ಯವನ್ನು ತೋರಿಸುತ್ತಾರೆ. ಲಾಹೋರಿನ ಶಾಲೆಯೊಂದರಲ್ಲಿ ಬಾಲಕಿಯರು ಅಣುಬಾಂಬಿನ ಪರವಾಗಿ ಆವೇಶದಿಂದ ಚರ್ಚಿಸುತ್ತಾರೆ. ಆದರೆ ಸಾವಧಾನವಾಗಿ ಮಾತನಾಡಿಸಿದಾಗ ಅವರ ಎಳೆಯ ಮನಸ್ಸಿನಲ್ಲಿ ಅಡಗಿದ್ದ ಸಂದೇಹಗಳೂ ನೆರೆಯವರ ಬಗೆಗಿನ ಸ್ನೇಹಭಾವವೂ ಹೊರಬರುತ್ತವೆ. ಹಿರೋಶಿಮಾ ನಾಗಸಾಕಿಗಳಲ್ಲಿ ಬದುಕುಳಿದ ವೃದ್ಧರು 1945ರ ಆಗಸ್ಟಿನ ಆ ಬೆಳಗನ್ನು ನೆನೆಯುತ್ತಾರೆ. ಹಿರೋಶಿಮಾದ ಮೇಲೆ ಬಾಂಬು ಹಾಕಿದ ವಿಮಾನವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯವು 1995ರಲ್ಲಿ ಪ್ರದರ್ಶನಕ್ಕಿಟ್ಟಾಗ, ಬಾಂಬಿಗೆ ತುತ್ತಾದವರ ಚಿತ್ರಗಳನ್ನು ಜೊತೆಗಿಡುವ ಮೊದಲಿನ ಯೋಜನೆ ನಿವೃತ್ತ ಯೋಧರೇ ಮೊದಲಾದವರ ವಿರೋಧದಿಂದ ಕೈಬಿಟ್ಟುಹೋದ ಸಂಗತಿಯನ್ನೂ ಚಿತ್ರ ವಿವರಿಸುತ್ತದೆ. ಬಾಂಬಿನ ವೃತ್ತಾಂತವನ್ನು ಹೇಳುವಾಗ ವಿಮಾನವನ್ನು ತೋರಿಸಿ ಮನುಷ್ಯನನ್ನು ಮರೆಮಾಡುವುದೂ, ಅಣೆಕಟ್ಟೆಯ ವೃತ್ತಾಂತವನ್ನು ಹೇಳುವಾಗ ನೀರನ್ನು ತೋರಿಸಿ ಹಳ್ಳಿಯನ್ನು ಮರೆಮಾಡುವುದೂ ಒಂದೇ ಬಗೆಯ ಮರೆವು. ಆ ಮರೆವಿನ ವಿರುದ್ಧ ಪಟವರ್ಧನರು ಹೂಡಿದ ಹೋರಾಟ ಎರಡು ಕಡೆಯೂ ಒಂದೇ.

ದೇಶದೊಳಗಿನ ಶಾಂತಿಯನ್ನು ಕುರಿತ ಅವರ ಚಿತ್ರಗಳಲ್ಲಿ 'ರಾಮ್ ಕೇ ನಾಮ್' ಹೆಚ್ಚು ಪರಿಚಿತವಾದುದು. ಬಾಬರಿ ಮಸೀದಿಯ ಧ್ವಂಸಕ್ಕೆ ಮೊದಲೇ ಸಿದ್ಧವಾದ ಆ ಚಿತ್ರದಲ್ಲಿ ರಾಮಜನ್ಮಭೂಮಿ ದೇಗುಲಕ್ಕೆ ನ್ಯಾಯಾಲಯದಿಂದ ನಿಯುಕ್ತರಾಗಿದ್ದ ಅರ್ಚಕ ಲಾಲದಾಸರು, ಭಕ್ತಿಯ ಹೆಸರಿನಲ್ಲಿ ದ್ವೇಷ ಬೆಳೆಸುವುದನ್ನು ಧರ್ಮದ ಮಾತಿನಿಂದಲೇ ಖಂಡಿಸುತ್ತಾರೆ. 1993ರಲ್ಲಿ ಅವರ ಕೊಲೆಯಾಯಿತು. ಅವರ ಸೌಮ್ಯವಾದ ಮುಖವೂ ನಿರ್ಭೀತವಾದ ನುಡಿಯೂ ಇಂದಿಗೂ ಉಳಿದಿರುವುದು ಆ ಚಿತ್ರದ ಮೂಲಕ.

ಜನರೊಡನೆ ಪಟವರ್ಧನರಿಗಿರುವ ಸಂಬಂಧ ಎಷ್ಟು ದೀರ್ಘವಾದುದೆಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. 'ಹಮಾರಾ ಶಹರ್' ಚಿತ್ರದಲ್ಲಿ ಹಾಡಿದ ದಲಿತ ಶಾಹಿರ ವಿಲಾಸ ಘೋಗ್ರೆಯವರು ಜೋಪಡಿಯಲ್ಲಿಯೇ ಬಾಳಿದ ಕವಿ, ಗಾಯಕ. 1997ರ ಜುಲೈ 11ರಂದು ಮುಂಬಯಿಯ ಘಾಟ್ಕೋಪರಿನ ರಮಾಬಾಯಿ ನಗರದಲ್ಲಿ ಅಂಬೇಡ್ಕರರ ಪ್ರತಿಮೆಗೆ ಅವಮಾನವಾದುದನ್ನು ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಮಂದಿ ಮಡಿದರು. ಆ ದುಃಖವನ್ನು ತಾಳಲಾರದೆ ಕೆಲವೇ ದಿನಗಳಲ್ಲಿ ಘೋಗ್ರೆಯವರು ಆತ್ಮಹತ್ಯೆ ಮಾಡಿಕೊಂಡರು. ಗೆಳೆಯನ ಸಾವಿನ ಕಾರಣವನ್ನು ಹುಡುಕಿ ಹೊರಟ ಪಟವರ್ಧನರು 14 ವರ್ಷಗಳ ಕಾಲ ಚಿತ್ರೀಕರಿಸಿ, 2011ರಲ್ಲಿ 'ಜೈ ಭೀಮ್ ಕಾಮ್ರೇಡ್' ಎಂಬ ಮೂರು ಗಂಟೆಗೂ ಮೀರಿದ ಚಿತ್ರವನ್ನು ಮುಗಿಸಿದರು. ಅದನ್ನು ಯಾರ ಬಾಳಿನಿಂದ ಪಡೆದರೋ ಅವರ ಬಸ್ತಿಗಳಿಗೇ ಒಯ್ದು ತೋರಿಸಿದರು.

ಇಂಥ ಚಿತ್ರಗಳು ಜನರನ್ನು ತಲುಪುವ ದಾರಿ ಸುಗಮವಾಗಿರಲಿಲ್ಲ. ನಮ್ಮಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ ಪ್ರಮಾಣಪತ್ರ ಅಗತ್ಯ. ಕೆ. ಎ. ಅಬ್ಬಾಸರು ನಾಲ್ಕು ನಗರಗಳ ಸಿರಿತನ ಬಡತನಗಳನ್ನು ಎದುರುಬದುರಾಗಿ ತೋರಿಸಿದ ತಮ್ಮ ಸಾಕ್ಷ್ಯಚಿತ್ರದ ನಿಮಿತ್ತ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 1970ರಲ್ಲಿ ನ್ಯಾಯಾಲಯವು ಪೂರ್ವಪರಿಶೀಲನೆಯ ಪದ್ಧತಿಯನ್ನು ಎತ್ತಿಹಿಡಿದಿತ್ತು. ಆ ಚೌಕಟ್ಟಿನೊಳಗೇ ಪಟವರ್ಧನರು ಒಂದೊಂದು ಚಿತ್ರಕ್ಕೂ ಹೋರಾಡಿದರು. 'ಜಂಗ್ ಔರ್ ಅಮನ್' ಚಿತ್ರಕ್ಕೆ ಸೆನ್ಸಾರ್ ಮಂಡಳಿಯು ರಾಜಕೀಯ ನಾಯಕರ ಭಾಷಣಗಳನ್ನೂ ಒಳಗೊಂಡು 21 ಕಡಿತಗಳನ್ನು ಸೂಚಿಸಿತು. ಬೊಂಬಾಯಿ ಉಚ್ಚ ನ್ಯಾಯಾಲಯ 2003ರಲ್ಲಿ ಒಂದು ಕಡಿತವೂ ಇಲ್ಲದೆ ಅದನ್ನು ತೋರಿಸಬಹುದೆಂದಿತು. ಅವರ ಹಲವು ಚಿತ್ರಗಳು ದೂರದರ್ಶನದಲ್ಲಿ ಪ್ರಸಾರವಾದದ್ದು ನ್ಯಾಯಾಲಯಗಳ ಆದೇಶದ ಬಲದಿಂದ. 'ಪಿತೃ, ಪುತ್ರ ಔರ್ ಧರ್ಮಯುದ್ಧ್' ಚಿತ್ರವನ್ನು ಪ್ರಸಾರ ಮಾಡಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು. ಸಾರ್ವಜನಿಕರ ಹಣದಿಂದ ನಡೆಯುವ ವಾಹಿನಿ ಸಾರ್ವಜನಿಕರ ಪ್ರಶ್ನೆಗಳಿಗೆ ಸ್ಥಳ ಕೊಡಬೇಕೆಂಬ ತತ್ತ್ವ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಥಿರಪಟ್ಟಿತು. 2004ರ ಮುಂಬಯಿ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅಪ್ರಿಯ ವಿಷಯಗಳ ಚಿತ್ರಗಳು ಹೊರಗುಳಿದಾಗ, ಸಾಕ್ಷ್ಯಚಿತ್ರಕಾರರು ಒಟ್ಟುಗೂಡಿ 'ವಿಕಲ್ಪ್' ಎಂಬ ಸಮಾನಾಂತರ ಉತ್ಸವವನ್ನು ನಡೆಸಿದರು. ಅದೇ ಮುಂಬಯಿ ಉತ್ಸವವು 2014ರಲ್ಲಿ ಪಟವರ್ಧನರಿಗೆ ವಿ. ಶಾಂತಾರಾಮ್ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು.

ಇವರ ಚಿತ್ರಗಳು ಏಕಪಕ್ಷೀಯವೆಂಬ ಆಕ್ಷೇಪಣೆಯನ್ನು ಅನೇಕರು ಎತ್ತಿದ್ದಾರೆ. ಆಕ್ಷೇಪಣೆ ಗಂಭೀರವಾದುದು, ವಿಚಾರಮಾಡತಕ್ಕದ್ದು. ಪಟವರ್ಧನರು ತಮ್ಮ ಪಕ್ಷವನ್ನು ಎಂದೂ ಮುಚ್ಚಿಟ್ಟವರಲ್ಲ. ಆದರೆ ಎದುರು ಪಕ್ಷದವರಿಗೆ, ಎಂದರೆ ಪೊಲೀಸ್ ಅಧಿಕಾರಿಗಳಿಗೆ, ವಿಜ್ಞಾನಿಗಳಿಗೆ, ಪಕ್ಷನಾಯಕರಿಗೆ, ತಮ್ಮ ವಾದವನ್ನು ತಮ್ಮ ಬಾಯಿಂದಲೇ ಹೇಳುವ ಅವಕಾಶ ಅವರ ಚಿತ್ರಗಳಲ್ಲಿ ಧಾರಾಳವಾಗಿ ದೊರೆತಿದೆ. ಬಲವುಳ್ಳವನ ಮಾತು ಪತ್ರಿಕೆಯಲ್ಲಿಯೂ ಆಕಾಶವಾಣಿಯಲ್ಲಿಯೂ ಶಾಸನಸಭೆಯಲ್ಲಿಯೂ ನಿತ್ಯವೂ ಕೇಳಿಬರುತ್ತಿರುವಾಗ, ಬಲವಿಲ್ಲದವನ ಮಾತಿಗೆ ಒಂದೂವರೆ ಗಂಟೆಯ ಅವಕಾಶ ಕೊಟ್ಟರೆ ಪಕ್ಷಪಾತವಾಗುವುದಿಲ್ಲ. ತಕ್ಕಡಿಯ ತಟ್ಟೆ ಸಮನಾಗುವುದಕ್ಕೆ ಅಷ್ಟಾದರೂ ತೂಕ ಬೇಕು.

ಕನ್ನಡಿಗರಿಗೆ ಈ ಕೃತಿಗಳು ದೂರದವಲ್ಲ. 2018ರಲ್ಲಿ ಅವರು ಪೂರ್ಣಗೊಳಿಸಿದ 'ವಿವೇಕ್' ಎಂಬ ದೀರ್ಘ ಚಿತ್ರ ಆಂಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಉತ್ಸವದಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರದ ಪ್ರಶಸ್ತಿಯನ್ನು ಪಡೆಯಿತು. ವಿಚಾರವಾದಿಗಳಾದ ನರೇಂದ್ರ ದಾಭೋಲ್ಕರ್, ಗೋವಿಂದ ಪಾನ್ಸರೆ ಇವರ ಹತ್ಯೆಗಳೊಡನೆ ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ನಡೆದ ಎಂ. ಎಂ. ಕಲಬುರ್ಗಿಯವರ ಹತ್ಯೆಯೂ, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ನಡೆದ ಗೌರಿ ಲಂಕೇಶರ ಹತ್ಯೆಯೂ ಅದರ ವಸ್ತುವಿನಲ್ಲಿ ಸೇರಿವೆ. ಮುಳುಗಡೆಯೆಂಬುದೂ ನಮಗೆ ಹೊಸದಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದಾಗ ಮಲೆನಾಡಿನ ಎಷ್ಟೋ ಮನೆತನಗಳು ತೋಟ ಗದ್ದೆಗಳನ್ನು ನೀರಿಗೆ ಬಿಟ್ಟು ಹೊರಟವು; ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದಾಗ ಹಳೆಯ ಬಾಗಲಕೋಟೆಯ ಕೇರಿಗಳು ಹಿನ್ನೀರಿಗೆ ಸೇರಿದವು. ಆ ನೋವನ್ನು ನಾ. ಡಿಸೋಜರು ಕಾದಂಬರಿಗಳಲ್ಲಿ ಬರೆದರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆರೆಗೆ ತಂದರು. ಕಥೆಯಾಗಿ ನಮ್ಮ ಹೃದಯವನ್ನು ಮುಟ್ಟಿದ ಆ ವಿಷಯ, ನಿರ್ವಸಿತರ ಸ್ವಂತ ಮುಖ ಮತ್ತು ಸ್ವಂತ ಮಾತುಗಳ ದಾಖಲೆಯಾಗಿ ಇನ್ನೂ ಹೆಚ್ಚು ವಿಸ್ತಾರವಾಗಿ ಉಳಿಯಬೇಕಾಗಿದೆ. ಆ ತಲೆಮಾರಿನ ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು. ಇಂದು ಕ್ಯಾಮೆರಾ ದುರ್ಲಭವಾದ ವಸ್ತುವೂ ಅಲ್ಲ. ಅವಧಿ ಮೀರಿದ ಫಿಲ್ಮಿನಲ್ಲಿ ಬಿಹಾರದ ಚಳವಳಿಯನ್ನು ಸೆರೆಹಿಡಿದವರ ಉದಾಹರಣೆ ಕಣ್ಣೆದುರಿಗಿರುವಾಗ, ಸಲಕರಣೆಯ ಕೊರತೆಯನ್ನು ನೆವವಾಗಿ ಹೇಳುವಂತಿಲ್ಲ.

ಆದುದರಿಂದ ನಮ್ಮ ಊರೂರಿನ ಕಾಲೇಜುಗಳೂ ಗ್ರಂಥಾಲಯಗಳೂ ಚಿತ್ರಸಮಾಜಗಳೂ ಈ ಚಿತ್ರಗಳನ್ನು ತರಿಸಿ, ನಾಲ್ಕು ಜನ ಕೂಡಿ ನೋಡುವ ಏರ್ಪಾಟು ಮಾಡಬೇಕು. ನೋಡಿ ಎದ್ದುಹೋಗದೆ, ಒಪ್ಪುವವರೂ ಒಪ್ಪದವರೂ ಕುಳಿತು ಮಾತನಾಡಬೇಕು. ಮುಂದೆ ನಮ್ಮ ಜಿಲ್ಲೆಯಲ್ಲಿಯೇ ಒಂದು ರಸ್ತೆಗೋ ಕಾರ್ಖಾನೆಗೋ ಕಟ್ಟೆಗೋ ಜನರನ್ನು ಎಬ್ಬಿಸಬೇಕಾದ ಸಂದರ್ಭ ಬಂದಾಗ, ಯೋಜನೆಯ ಲಾಭವನ್ನು ಎಣಿಸುವುದಕ್ಕೆ ಮೊದಲು ಆ ಜನರ ಮನೆಬಾಗಿಲಿಗೆ ಹೋಗಿ ಅವರ ಮಾತನ್ನು ಕೇಳುವ ಪದ್ಧತಿಯನ್ನು ನಾವು ಆಡಳಿತದಿಂದ ಹಕ್ಕಾಗಿ ಕೇಳಬೇಕು. ನೆಲೆಯಿಲ್ಲದವನಿಗೆ ನ್ಯಾಯ ಸಿಕ್ಕದ ದೇಶದಲ್ಲಿ ಶಾಂತಿ ನೆಲೆಸಲಾರದು.